ನಾಯಿಯ ಕೊರಳಿಗೆ ವಿದ್ಯುತ್ ಪಟ್ಟಿ: ಸಾಧಕ ಬಾಧಕ ವಿಚಾರ

ನಾಯಿಗಳನ್ನು ಪಳಗಿಸಲು ಬಂದಿರುವ ವಿದ್ಯುತ್ ಕೊರಳಪಟ್ಟಿಯ ವಿಚಾರ ನಮ್ಮಂಥವರಿಗೇಕೆ ಎಂದು ಕೆಲವರು ಕೇಳಬಹುದು. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವವರು ನಾಯಿ ಸಾಕುವುದೆಲ್ಲಿ ಬಂತು? ಆದರೆ ಸಾಕದಿದ್ದರೂ ನಾಯಿಯ ಸಹವಾಸ ನಮಗೆ ತಪ್ಪಿದ್ದಲ್ಲ. ನಮ್ಮವರಲ್ಲಿ ಬಂಗಲೆಗಳ ಕಾವಲುಗಾರರಿದ್ದಾರೆ, ಅಡಿಗೆಯವರಿದ್ದಾರೆ, ಮನೆಮನೆಗೆ ಸಾಮಾನು ಮುಟ್ಟಿಸುವ ಹುಡುಗರಿದ್ದಾರೆ; ಯಜಮಾನರ ನಾಯಿಯನ್ನು ಬೆಳಿಗ್ಗೆ ಸಂಜೆ ತಿರುಗಾಡಿಸುವ ಕೆಲಸವೂ ಕೆಲವರ ಪಾಲಿಗೆ ಬಂದಿದೆ. ಪಟ್ಟಿಯ ಗುಂಡಿಯನ್ನು ಅಂಥವರ ಕೈಗೆ ಕೊಟ್ಟು, "ಮಾತು ಕೇಳದಿದ್ದರೆ ಒತ್ತು" ಎನ್ನುವ ಯಜಮಾನರೂ ಉಂಟು. ಒತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ಒತ್ತುವವನು ತಿಳಿದಿರಬೇಡವೆ?

ಪಟ್ಟಿಯಲ್ಲಿ ಒಂದು ಸಣ್ಣ ಡಬ್ಬಿ, ಒಳಗೆ ಬ್ಯಾಟರಿ, ಚರ್ಮಕ್ಕೆ ತಾಗುವಂತೆ ಎರಡು ಲೋಹದ ಮೊಳೆ. ದೂರದಲ್ಲಿ ಗುಂಡಿ ಒತ್ತಿದರೆ ಕೊರಳಿಗೆ ವಿದ್ಯುತ್ತಿನ ಚುರುಕು ತಾಗುತ್ತದೆ. ಅದನ್ನು ಹೆಚ್ಚು ಕಡಿಮೆ ಮಾಡಬಹುದು. ಬೊಗಳಿದಾಗ ತಾನಾಗಿಯೇ ಕೆಲಸ ಮಾಡುವ ಪಟ್ಟಿ ಬೇರೆ. ನೆಲದಲ್ಲಿ ಹೂತ ತಂತಿಯ ಗಡಿ ದಾಟಲು ಹೋದರೆ ಚುರುಕು ಮುಟ್ಟಿಸುವುದು ಇನ್ನೊಂದು ಬಗೆ.

ಇದರ ಮರ್ಮವೆಲ್ಲ ಸಮಯದಲ್ಲಿದೆ. ಯಾವುದರ ಬೆನ್ನಿಗೆ ಏನು ಬಂತು ಎಂಬುದನ್ನೇ ನಾಯಿ ಜೋಡಿಸಿಕೊಳ್ಳುತ್ತದೆಂದು ರಷ್ಯದ ಪಾವ್ಲೊವ್ ತೋರಿಸಿಕೊಟ್ಟರು. "ನಿನ್ನ ತಪ್ಪಿಗೆ ಇದು ಶಿಕ್ಷೆ" ಎಂಬ ತರ್ಕ ನಮ್ಮದು, ನಾಯಿಯದಲ್ಲ. ಜರ್ಮನಿಯಲ್ಲಿ 14 ಬೀಗಲ್ ನಾಯಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಸ್ಪಷ್ಟಪಡಿಸುತ್ತದೆ. ಬೇಟೆಯ ಬೊಂಬೆಗೆ ಬಾಯಿ ಹಾಕಿದ ಕ್ಷಣದಲ್ಲೇ ಆಘಾತ ತಾಗಿದ ನಾಯಿಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ದುಗುಡದ ರಸ ಗಣನೀಯವಾಗಿ ಏರಲಿಲ್ಲ. ಕರೆದಾಗ ಬಾರದ್ದಕ್ಕೆ ಆಘಾತ ತಿಂದವುಗಳಲ್ಲಿಯೂ ಕಾರಣವಿಲ್ಲದೆ ತಿಂದವುಗಳಲ್ಲಿಯೂ ಏರಿತು. ಪ್ರಯೋಗಶಾಲೆಯ ಪಂಡಿತರು ಸಾಧಿಸಿದ ಆ ಕರಾರುವಾಕ್ಕು ಬೀದಿಯಲ್ಲಿ, ಒಂದು ಕೈಯಲ್ಲಿ ಹಗ್ಗ ಮತ್ತೊಂದರಲ್ಲಿ ತರಕಾರಿ ಚೀಲ ಹಿಡಿದವನಿಗೆ ಹೇಗೆ ಬರಬೇಕು?

ಪಟ್ಟಿಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿವೆ. ನ್ಯೂಜಿಲೆಂಡಿನಲ್ಲಿ ಹಾರಲಾರದ ಕಿವಿ ಹಕ್ಕಿಯ ಕಾಡಿಗೆ ಹೋಗುವ ನಾಯಿಗಳು ಆ ಹಕ್ಕಿಯನ್ನು ಮುಟ್ಟದಂತೆ ಇದೇ ಪಟ್ಟಿಯಿಂದ ಪಾಠ ಹೇಳುತ್ತಾರೆ. ಅಮೆರಿಕದಲ್ಲಿ ವಿಷದ ಹಾವಿನಿಂದ ದೂರವಿರಲು ಕಲಿಸುತ್ತಾರೆ. ಓಡುವ ಬೊಂಬೆಯನ್ನು ಅಟ್ಟುವುದನ್ನು ಬಿಡಿಸಲು ಅಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಪಟ್ಟಿಯ ನಾಯಿಗಳು ಬೇಗ ನಿಂತವು, ತಿಂಡಿಯ ಆಸೆಯಿಂದ ಕಲಿತವು ನಿಲ್ಲಲಿಲ್ಲ. ನಮ್ಮ ಮುಧೋಳದ ನಾಯಿ ಮೊಲದ ಬೆನ್ನು ಹತ್ತಿದ್ದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ಆದರೆ ಅಲ್ಲಿ ಪಾಠ ನಡೆದದ್ದು ಕೆಲವೇ ದಿನ. ಆಘಾತ ತಾಗಿದಾಗ ನಾಯಿಗಳು ಕುಂಯ್‌ಗುಟ್ಟಿದ್ದೂ ನಿಜ.

ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 63 ಸಾಕುನಾಯಿಗಳನ್ನು ಪರೀಕ್ಷಿಸಿ 2014ರಲ್ಲಿಯೂ 2020ರಲ್ಲಿಯೂ ಬರೆದರು. ಪಟ್ಟಿ ಬಳಸಿದವರು ಅದರ ತಯಾರಕರ ಸಂಘವೇ ಸೂಚಿಸಿದ ನುರಿತ ಶಿಕ್ಷಕರು. ಆದರೂ ಕರೆದರೆ ಬರುವ ಪಾಠದಲ್ಲಿ ತಿಂಡಿ ಮೆಚ್ಚುಗೆಗಳಿಂದ ಕಲಿತ ನಾಯಿಗಳು ಹಿಂದೆ ಬೀಳಲಿಲ್ಲ, ಮೊದಲ ಕರೆಗೇ ಓಗೊಡುವುದರಲ್ಲಿ ಮುಂದೆಯೇ ಇದ್ದವು. ದುಗುಡದ ಲಕ್ಷಣ ಪಟ್ಟಿಯವುಗಳಲ್ಲಿ ಹೆಚ್ಚು ಕಂಡಿತು. ದಿನನಿತ್ಯದ ವಿಧೇಯತೆಗೆ ಪಟ್ಟಿ ಬೇಡವೆಂದು ನನಗೆ ತೋರುವುದು ಇದರಿಂದಲೇ.

ನಮಗೆ ಮುಖ್ಯವಾದ ಬಾಧಕ ಬೇರೆ ಇದೆ. ನೋವು ಎಲ್ಲಿಂದ ಬಂತೆಂದು ನಾಯಿಗೆ ತಿಳಿಯದು. ಆ ಹೊತ್ತಿಗೆ ಕಣ್ಣೆದುರು ಇದ್ದವರ ಮೇಲೆ ಅದನ್ನು ಹೊರಿಸುತ್ತದೆ. ನೆದರ್‌ಲೆಂಡಿನಲ್ಲಿ ಕಾವಲು ನಾಯಿಗಳನ್ನು ಕುರಿತು 2004ರಲ್ಲಿ ಬಂದ ಅಧ್ಯಯನದ ಪ್ರಕಾರ, ಆಘಾತ ತಿಂದ ನಾಯಿಗಳು ಪಾಠದ ಬಯಲು ಬಿಟ್ಟು ಬಂದ ಮೇಲೂ ಒಡೆಯನನ್ನು ಕಂಡು ಮುದುರಿಕೊಳ್ಳುತ್ತಿದ್ದವು. ಅಮೆರಿಕದ ಪೋಲ್‌ಸ್ಕಿ ಎಂಬವರು 2000ದಲ್ಲಿ, ತಂತಿಗಡಿಯ ಪಟ್ಟಿ ಹಾಕಿದ್ದ ನಾಯಿಗಳು ಮನುಷ್ಯರ ಮೇಲೆ ಘೋರವಾಗಿ ಎರಗಿದ ಐದು ಪ್ರಸಂಗಗಳನ್ನು ವಿವರಿಸಿದರು. ಗೇಟಿನ ಬಳಿ ನಿಂತು ಪೊಟ್ಟಣ ಕೊಡುವ ನಮ್ಮ ಹುಡುಗ ನಿಲ್ಲುವುದೂ ಇಂಥ ಗಡಿಯಲ್ಲೇ ಅಲ್ಲವೆ? ಬೊಗಳುವ ಪಟ್ಟಿಯದೂ ಇದೇ ಕಥೆ. ಫ್ಲ್ಯಾಟಿನಲ್ಲಿ ಹಗಲೆಲ್ಲ ಒಂಟಿಯಾಗಿರುವ ನಾಯಿ ಬೇಸರದಿಂದ ಬೊಗಳುತ್ತದೆ. ಪಟ್ಟಿ ಬಾಯಿ ಮುಚ್ಚಿಸೀತು, ಬೇಸರವನ್ನಲ್ಲ.

ವೇಲ್ಸ್ ದೇಶ 2010ರಲ್ಲಿ ಈ ಪಟ್ಟಿಯ ಬಳಕೆಯನ್ನು ನಿಷೇಧಿಸಿತು. ಜರ್ಮನಿಯ ಉಚ್ಚ ಆಡಳಿತ ನ್ಯಾಯಾಲಯ 2006ರಲ್ಲೇ ವಿರುದ್ಧವಾಗಿ ತೀರ್ಪಿತ್ತಿತ್ತು. ನಮ್ಮ 1960ರ ಪ್ರಾಣಿಹಿಂಸೆ ನಿವಾರಣ ಕಾಯಿದೆಯಲ್ಲಿ ಇದರ ಹೆಸರಿಲ್ಲ. ಅನಾವಶ್ಯಕವಾಗಿ ನೋವುಂಟುಮಾಡುವುದು ಅಪರಾಧವೆಂದಿದೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ!

ಗುಂಡಿ ನಿಮ್ಮ ಕೈಗೇ ಬಂದಿದ್ದರೆ, ಮೊದಲು ಯಜಮಾನರೇ ಒತ್ತಿ ತೋರಿಸಲಿ ಎಂದು ವಿನಯದಿಂದ ಕೇಳಿರಿ. ಮಗುವಾಗಲಿ, ಬೇರೆ ನಾಯಿಯಾಗಲಿ, ಅಪರಿಚಿತರಾಗಲಿ ಹತ್ತಿರವಿದ್ದಾಗ ಒತ್ತಬೇಡಿರಿ. ಉದ್ದನೆಯ ಹಗ್ಗವೂ ಜೇಬಿನಲ್ಲಿ ನಾಲ್ಕು ಚೂರು ರೊಟ್ಟಿಯೂ ಇದ್ದರೆ ಅನೇಕ ವೇಳೆ ಗುಂಡಿಯ ಕೆಲಸವೇ ಬೀಳದು. ರಾತ್ರಿ ಪಟ್ಟಿಯನ್ನು ಬಿಚ್ಚಿಡಬೇಕು; ಮೊಳೆ ಒತ್ತಿದ ಕಡೆ ಹುಣ್ಣು ಕಂಡರೆ ಅಂದೇ ತಿಳಿಸಬೇಕು. ಕಚ್ಚಿಸಿಕೊಂಡರೆ, ಅದು ಎಷ್ಟು ದೊಡ್ಡ ಮನೆಯ ನಾಯಿಯಾಗಿರಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳತಕ್ಕದ್ದು.