ತಣ್ಣೀರಿಗಿಳಿಯುವವನಿಗೆ ಹತ್ತಿ ಬನಿಯನ್ ಬೇಡ

ಪ್ರಶ್ನೆ: ನಾರ್ವೆಯಲ್ಲಿ ಓದುತ್ತಿರುವ ಮಗ ಸಮುದ್ರದಲ್ಲಿ ಡೈವಿಂಗ್ ಕಲಿಯುತ್ತಿದ್ದಾನೆ. ನೀರು ಒಳಬಾರದ ಡ್ರೈಸೂಟ್ ಹಾಕಿದರೂ ನಡುಗುತ್ತಾನಂತೆ. ಒಳಗೆ ಹಾಕಿಕೊಳ್ಳಲು ದಪ್ಪ ಹತ್ತಿ ಬನಿಯನ್, ಕುತ್ತಿಗೆ ಮುಚ್ಚುವ ಸ್ವೆಟರ್ ಕಳಿಸಲೇ? ಅವರಪ್ಪ ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವಾಗ ಕಂಬಳಿ ಹೊದ್ದು ಹೋಗುತ್ತಾರೆ, ಅಷ್ಟೇ ನಮಗೆ ಗೊತ್ತು.
– ಓದುಗರು, ಅಳವಂಡಿ, ಕೊಪ್ಪಳ ಜಿಲ್ಲೆ

ಉತ್ತರ: ಹತ್ತಿ ಬನಿಯನ್ ಕಳಿಸಬೇಡಿ ತಾಯಿ. ಅಳವಂಡಿಯ ಬಿಸಿಲಿಗೆ ಹತ್ತಿಯೇ ಸರಿ, ಬೆವರು ಹೀರಿ ಮೈ ತಂಪಾಗಿಡುತ್ತದೆ. ತಣ್ಣೀರಿನಲ್ಲಿ ಆ ಗುಣವೇ ಮುಳುವು. ಸಿಲಿಂಡರ್ ಹೊತ್ತು ದಡದಲ್ಲಿ ನಡೆಯುವಾಗಲೇ ಸೂಟಿನೊಳಗೆ ಮೈ ಬೆವರುತ್ತದೆ. ಆಮೇಲೆ ಒದ್ದೆ ಹತ್ತಿ ಮೈಗಂಟಿ ಶಾಖ ಎಳೆಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ.

ತೆಳು ಬಟ್ಟೆಯ ಡ್ರೈಸೂಟ್ ನೀರನ್ನು ತಡೆಯುತ್ತದೆ, ಚಳಿಯನ್ನಲ್ಲ. ಚಳಿ ತಡೆಯುವುದು ಒಳಉಡುಪಿನ ಎಳೆಗಳ ನಡುವೆ ನಿಂತ ಗಾಳಿ. ಇಬ್ಬನಿಗೆ ನೆನೆದ ಕಂಬಳಿಯೂ ಬೆಚ್ಚಗಿರುವುದು ಅದರಿಂದಲೇ. ಮಗನಿಗೆ ಮೈಗೆ ತಾಗುವಂತೆ ನವಿರಾದ ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಅಂಗಿ, ಅದರ ಮೇಲೆ ನೀರಿನ ಒತ್ತಡಕ್ಕೆ ಸುಲಭವಾಗಿ ಅಪ್ಪಚ್ಚಿಯಾಗದ, ಡೈವಿಂಗ್‌ಗೆಂದೇ ಹೊಲಿದ ಫ್ಲೀಸ್ ಉಡುಪು ಇರಲಿ. ಸಿಕ್ಕಾಪಟ್ಟೆ ದಪ್ಪವೂ ಬೇಡ. ತೇಲುವುದು ಹೆಚ್ಚಿ, ಮುಳುಗಲು ಸೊಂಟಕ್ಕೆ ಇನ್ನಷ್ಟು ಸೀಸ ಕಟ್ಟಿಕೊಳ್ಳಬೇಕಾಗುತ್ತದೆ.

ಕುತ್ತಿಗೆ ಮುಚ್ಚುವ ಸ್ವೆಟರ್ ಅಂತೂ ಬೇಡವೇ ಬೇಡ. ಸೂಟಿನ ಕುತ್ತಿಗೆಪಟ್ಟಿ ಚರ್ಮಕ್ಕೇ ಅಂಟಿರಬೇಕು, ನಡುವೆ ಬಟ್ಟೆ ಸಿಕ್ಕಿದರೆ ನೀರು ಒಸರುತ್ತದೆ. ಆ ಪಟ್ಟಿ ಅತಿ ಬಿಗಿಯಾದರೂ ಕತ್ತಿನ ರಕ್ತನಾಳ ಒತ್ತಿ ತಲೆ ಸುತ್ತಬಹುದು, ಎಚ್ಚರ ತಪ್ಪಲೂಬಹುದು.

ನನಗೆ ಎಲ್ಲಕ್ಕಿಂತ ಚಿಂತೆ ಬ್ಯಾಟರಿಯಿಂದ ಬಿಸಿಯಾಗುವ ಉಡುಪಿನದು. ಆಳದಲ್ಲಿ ಮೈ ಬಿಸಿಯಿದ್ದರೆ ರಕ್ತ ಹೆಚ್ಚು ಹರಿದು ಉಸಿರಾಡುವ ಗಾಳಿಯ ನೈಟ್ರೋಜನ್ ದೇಹದಲ್ಲಿ ಹೆಚ್ಚು ಕರಗುತ್ತದೆ. ಮೇಲೇರುವಾಗ ಬ್ಯಾಟರಿ ಮುಗಿದು ಮೈ ತಣ್ಣಗಾದರೆ ಆ ನೈಟ್ರೋಜನ್ ಬೇಗ ಹೊರಹೋಗದೆ ದೇಹದಲ್ಲಿ ಗುಳ್ಳೆಗಟ್ಟಬಹುದು. ಅಮೆರಿಕ ನೌಕಾಪಡೆಯ ಪ್ರಯೋಗಗಳಲ್ಲೂ ಈ ಅಪಾಯ ಕಂಡಿದೆ. ಕಲಿಯುವ ಹುಡುಗ ಅದರ ಗೊಡವೆಗೆ ಹೋಗದಿರಲಿ.

ನಡುಕ ಶುರುವಾದ ಕೂಡಲೇ, ಧಾವಂತಪಡದೆ, ಮೇಲೆ ಬರಬೇಕು. ಮಾತು ತೊದಲಿದರೆ, ಬೆರಳಿಗೆ ಬಕಲ್ ಬಿಚ್ಚಲಾಗದಿದ್ದರೆ ದೇಹದ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಿರಬಹುದು. ಆಗ ಒದ್ದೆ ಬಟ್ಟೆ ತೆಗೆದು, ಮಲಗಿಸಿ, ಒಣಗಿದ್ದನ್ನು ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು. ಬಿಸಿನೀರು ಸುರಿಯುವುದು, ಕೈಕಾಲು ತಿಕ್ಕುವುದು, ಮದ್ಯ ಕುಡಿಸುವುದು ಬೇಡ.

ಇನ್ನೊಂದು, ಅವನು ನಿಮಗೆ ಹೇಳಿರಲಾರ: ತಣ್ಣೀರಿಗಿಳಿದರೆ ಮೂತ್ರ ಜಾಸ್ತಿ. ಸೂಟ್ ಬಿಚ್ಚುವ ತೊಂದರೆಗೆ ಹೆದರಿ ಹುಡುಗರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಡಬಾರದು, ಒಳಗೆ ಡಯಾಪರ್ ಹಾಕಿಕೊಂಡರೆ ನಾಚಿಕೆಯೇನೂ ಇಲ್ಲ.