ರಾತ್ರಿಯಿಡೀ ಮಗು ಮಲಗಬೇಕೆಂದರೆ

ಈ ಸಲ ಬಂದ ಪತ್ರಗಳಲ್ಲಿ ನಿದ್ದೆಗೆಟ್ಟ ತಾಯಂದಿರವೇ ಹೆಚ್ಚು. ಒಬ್ಬರ ಪ್ರಶ್ನೆಗೆ ವಿವರವಾಗಿ ಉತ್ತರಿಸಿದರೆ ಹಲವರಿಗೆ ದಾರಿ ಸಿಕ್ಕೀತೆಂದು ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಎಂಟು ತಿಂಗಳು. ರಾತ್ರಿ ಹತ್ತರ ಹೊತ್ತಿಗೆ ಎದೆಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತಾಳೆ. ಆಮೇಲೆ ಗಂಟೆಗೊಮ್ಮೆ ಎದ್ದು ಅಳುತ್ತಾಳೆ. ಎದೆಗೆ ಹಾಕಿಕೊಂಡರೆ ಎರಡೇ ನಿಮಿಷದಲ್ಲಿ ಮತ್ತೆ ನಿದ್ದೆ. ಇಲ್ಲವಾದರೆ ತೊಟ್ಟಿಲು ತೂಗುತ್ತಲೇ ಇರಬೇಕು. ‘ನಿನ್ನ ಹಾಲು ಸಾಲುತ್ತಿಲ್ಲ, ಮಲಗೋ ಮುಂಚೆ ರಾಗಿ ಸರಿ ಗಟ್ಟಿಯಾಗಿ ತಿನ್ನಿಸು’ ಎನ್ನುತ್ತಾರೆ ಅತ್ತೆ. ಪಕ್ಕದ ಮನೆಯ ಮಗು ರಾತ್ರಿಯಿಡೀ ಏಳುವುದೇ ಇಲ್ಲವಂತೆ. ರಜೆ ಮುಗಿದು ಕೆಲಸಕ್ಕೆ ಹೋಗುತ್ತಿದ್ದೇನೆ. ಬಸ್ಸಿನಲ್ಲಿ ನಿಂತಲ್ಲೇ ತೂಕಡಿಸುತ್ತೇನೆ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಹಾಲಿನ ಅನುಮಾನವನ್ನು ಮೊದಲು ಬಗೆಹರಿಸೋಣ. ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಮಗುವಿನ ತೂಕವೇ ಹೊರತು ರಾತ್ರಿಯ ಅಳುವಲ್ಲ. ತಾಯಿ ಕಾರ್ಡಿನ ನಕ್ಷೆಯಲ್ಲಿ ತೂಕದ ಗೆರೆ ಮೇಲೇರುತ್ತಿದ್ದು, ಮಗು ಹಗಲು ಲವಲವಿಕೆಯಿಂದ ಆಡಿಕೊಂಡಿದ್ದು, ದಿನಕ್ಕೆ ಆರೇಳು ಸಲ ಮೂತ್ರ ಮಾಡುತ್ತಿದ್ದರೆ ಹಾಲಿಗೆ ಕೊರತೆಯಿಲ್ಲ. ರಾಗಿ ಸರಿ ಆರು ತಿಂಗಳು ತುಂಬಿದ ಮಗುವಿಗೆ ಒಳ್ಳೆಯ ಆಹಾರವೇ, ಹಗಲಲ್ಲಿ ಧಾರಾಳವಾಗಿ ತಿನ್ನಿಸಿ. ಆದರೆ ಮಲಗುವ ಮುಂಚೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿದ ಮಾತ್ರಕ್ಕೆ ನಿದ್ದೆ ಉದ್ದವಾಗುವುದಿಲ್ಲ.

ಹಾಗಾದರೆ ಗಂಟೆಗೊಮ್ಮೆ ಏಳುವುದೇಕೆ? ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷದ್ದು. ಹಸುಗೂಸಿನದು 50–60 ನಿಮಿಷದ್ದು. ಪ್ರತಿ ಸುತ್ತಿನ ಕೊನೆಯಲ್ಲಿ ನಿದ್ದೆ ತೆಳುವಾಗಿ ಅರೆ ಎಚ್ಚರವಾಗುತ್ತದೆ. ನಿಮಗೂ ಆಗುತ್ತದೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೀರಿ, ಬೆಳಿಗ್ಗೆ ನೆನಪಿರುವುದಿಲ್ಲ. ಪಕ್ಕದ ಮನೆಯ ಮಗುವೂ ಏಳುತ್ತಲೇ ಇರುತ್ತದೆ, ಅತ್ತು ಕರೆಯುವುದಿಲ್ಲ ಅಷ್ಟೇ. ನಿಮ್ಮ ಮಗಳು ಕಣ್ಣು ಮುಚ್ಚುವಾಗ ಬಾಯಲ್ಲಿ ಎದೆಯಿತ್ತು, ಮೈಗೆ ನಿಮ್ಮ ಬಿಸುಪಿತ್ತು. ಕಣ್ಣು ಬಿಟ್ಟಾಗ ಎರಡೂ ಇಲ್ಲ. ಮಲಗುವಾಗ ಇದ್ದದ್ದನ್ನೇ ಮತ್ತೆ ಕೇಳುತ್ತಾಳೆ. ಇದು ಹಟವಲ್ಲ. ನಿದ್ದೆಗೆ ಜಾರಲು ಅವಳಿಗೆ ಗೊತ್ತಿರುವ ದಾರಿ ಅದೊಂದೇ. ಹೀಗಾಗಿ ನಡುರಾತ್ರಿಯ ತೊಂದರೆಗೆ ಪರಿಹಾರ ಇರುವುದು ಸಂಜೆ ಮಲಗಿಸುವ ರೀತಿಯಲ್ಲಿ.

ಹತ್ತು ಗಂಟೆ ತಡವಾಯಿತು. ಅಪ್ಪ ಮನೆಗೆ ಬರುವ ಹೊತ್ತು, ಧಾರಾವಾಹಿ, ದೊಡ್ಡವರ ಊಟ, ಇವುಗಳ ನಡುವೆ ನಮ್ಮ ಮನೆಗಳಲ್ಲಿ ಮಕ್ಕಳು ಮಲಗುವುದು ತಡವಾಗುತ್ತದೆ. ದಣಿವು ಮೀರಿದ ಮಗು ಬೇಗ ಮಲಗುವ ಬದಲು ರಚ್ಚೆ ಹಿಡಿಯುತ್ತದೆ. ಎಂಟು–ಎಂಟೂವರೆಗೆ ಮಲಗಿಸುವುದೆಂದು ಇಟ್ಟುಕೊಳ್ಳಿ. ಅದಕ್ಕೆ ಅರ್ಧ ಗಂಟೆ ಮುಂಚೆ ಟಿವಿ, ಮೊಬೈಲು ಆರಿಸಿ. ಬೆಚ್ಚನೆಯ ನೀರಲ್ಲಿ ಮೈ ಒರೆಸಿ, ಸಡಿಲ ಹತ್ತಿ ಬಟ್ಟೆ ಹಾಕಿ, ಮಂದ ಬೆಳಕಿನಲ್ಲಿ ಹಾಲು ಕೊಡಿ. ಕುಡಿಯುತ್ತಾ ಕಣ್ಣು ಪೂರ್ತಿ ಮುಚ್ಚುವ ಮೊದಲೇ ಎದೆಯಿಂದ ಬಿಡಿಸಿ, ಭುಜಕ್ಕೆ ಹಾಕಿ ತೇಗಿಸಿ, ಒಂದು ಲಾಲಿ ಹಾಡಿ, ತೂಕಡಿಕೆಯಲ್ಲಿರುವಾಗಲೇ ಹಾಸಿಗೆಯಲ್ಲಿ ಮಲಗಿಸಿ. ದಿನವೂ ಇದೇ ಕ್ರಮವಿರಲಿ. ಹಾಲಿನ ನಂತರ ಹಾಡು ಎಂಬ ಸಣ್ಣ ಬದಲಾವಣೆ ದೊಡ್ಡ ಕೆಲಸ ಮಾಡುತ್ತದೆ: ಎದೆಗೂ ನಿದ್ದೆಗೂ ಬಿದ್ದ ಗಂಟು ಸಡಿಲವಾಗುತ್ತದೆ.

ಮೊದಲ ರಾತ್ರಿಗಳಲ್ಲಿ ಅಳುತ್ತಾಳೆ, ಖಂಡಿತ. ಪಕ್ಕದಲ್ಲೇ ಕುಳಿತು ಎದೆ ತಟ್ಟಿ, ಮೆಲ್ಲಗೆ ಮಾತಾಡಿಸಿ. ಬಿಕ್ಕಿ ಬಿಕ್ಕಿ ಅತ್ತರೆ ಎತ್ತಿಕೊಳ್ಳಿ, ಸಮಾಧಾನವಾದ ಮೇಲೆ ಮತ್ತೆ ಕೆಳಗೆ ಮಲಗಿಸಿ. ಒಂದೇ ರಾತ್ರಿಯಲ್ಲಿ ಹತ್ತು ಸಲ ಹೀಗಾಗಬಹುದು. ಕೆಲವು ದಿನ ತಟ್ಟುವುದು, ಆಮೇಲೆ ಕೈ ಇಟ್ಟುಕೊಂಡಿರುವುದು ಮಾತ್ರ, ಆಮೇಲೆ ಪಕ್ಕದಲ್ಲಿ ಸುಮ್ಮನೆ ಕೂರುವುದು. ಹೀಗೆ ಮೆಲ್ಲಗೆ ಹಿಂದೆ ಸರಿಯಿರಿ. ಅಮೆರಿಕದ ಡಾ. ರಿಚರ್ಡ್ ಫರ್ಬರ್ 1985ರಲ್ಲಿ ಪುಸ್ತಕ ಬರೆದು ಹೆಸರುಮಾಡಿದ ವಿಧಾನವೂ ಇದೆ: ಮಗುವನ್ನು ಮಲಗಿಸಿ ಹೊರಬಂದು, ಅತ್ತರೆ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ಕಾದು ಹೋಗಿ ಸಮಾಧಾನಪಡಿಸುವುದು. ಆಸ್ಟ್ರೇಲಿಯಾದಲ್ಲಿ 326 ಮಕ್ಕಳ ಅಧ್ಯಯನವೊಂದರಲ್ಲಿ ಈ ಎರಡೂ ಬಗೆಗಳನ್ನು ಕೆಲವು ತಾಯಂದಿರಿಗೆ ಕಲಿಸಿಕೊಟ್ಟು, ಆರು ವರ್ಷದ ಹೊತ್ತಿಗೆ ಮಕ್ಕಳು ಹೇಗಿದ್ದಾರೆಂದು ನೋಡಿದರು. ಮಕ್ಕಳ ಮನಸ್ಸಿಗಾಗಲಿ, ತಾಯಿಯೊಂದಿಗಿನ ನಂಟಿಗಾಗಲಿ ಹಾನಿ ಕಾಣಲಿಲ್ಲ. ಹಾಗಿದ್ದರೂ ಎರಡು ಕೋಣೆಯ, ಅತ್ತೆ ಮಾವ ಜೊತೆಗಿರುವ ಮನೆಗೆ ನನ್ನ ಸಲಹೆ ಪಕ್ಕದಲ್ಲಿ ಕೂರುವ ವಿಧಾನವೇ. ನಿಧಾನ, ಆದರೆ ಅರ್ಧಕ್ಕೆ ಕೈಬಿಡಬೇಕಾಗಿ ಬರುವುದಿಲ್ಲ. ಅರ್ಧಕ್ಕೆ ಬಿಟ್ಟರೆ, ಇನ್ನೂ ಜೋರಾಗಿ ಅತ್ತರೆ ಎದೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ.

ರಾತ್ರಿ ಹಾಲನ್ನು ಪೂರ್ತಿ ನಿಲ್ಲಿಸಬೇಡಿ. ಹಗಲೆಲ್ಲ ನೀವು ಮನೆಯಲ್ಲಿ ಇಲ್ಲದಾಗ ಬಿಟ್ಟುಹೋದ ಹಾಲನ್ನೂ ಅಪ್ಪುಗೆಯನ್ನೂ ಅವಳು ರಾತ್ರಿ ತುಂಬಿಕೊಳ್ಳುತ್ತಾಳೆ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಲ್ಲಿ ಇದು ಸಾಮಾನ್ಯ. ಬೆಳಿಗ್ಗೆ ಹೊರಡುವ ಮುಂಚೆ, ಸಂಜೆ ಬಂದ ಕೂಡಲೇ ನಿಧಾನವಾಗಿ ಕುಳಿತು ಹಾಲು ಕೊಡಿ. ರಾತ್ರಿ ಒಂದೆರಡು ಸಲ ಸಾಕು. ಉಳಿದ ಸಲ ಎದ್ದಾಗ ಗಂಡ ಹೋಗಲಿ. ನಿಮ್ಮ ಪತ್ರದಲ್ಲಿ ಅತ್ತೆಯ ಮಾತಿದೆ, ಪಕ್ಕದ ಮನೆಯ ಮಾತಿದೆ, ಮಗುವಿನ ತಂದೆಯ ಸುದ್ದಿಯೇ ಇಲ್ಲ. ನೀವು ಎತ್ತಿಕೊಂಡರೆ ಹಾಲಿನ ವಾಸನೆಗೇ ಅವಳು ಎದೆ ಹುಡುಕುತ್ತಾಳೆ. ಅಪ್ಪ ತಟ್ಟಿದರೆ ಹಾಲಿಲ್ಲದೆ ಮಲಗುವುದನ್ನು ಬೇಗ ಕಲಿಯುತ್ತಾಳೆ. ಬೆಳಿಗ್ಗೆ ಅವರಂತೆಯೇ ನೀವೂ ಕೆಲಸಕ್ಕೆ ಹೋಗಬೇಕಲ್ಲವೇ?

ಈ ವಯಸ್ಸಿನಲ್ಲಿ ಅಮ್ಮ ಕಣ್ಮರೆಯಾದರೆ ದಿಗಿಲಾಗುವುದು ಸಹಜ. ಹಗಲಲ್ಲಿ ಸೆರಗಿನ ಮರೆಯಲ್ಲಿ ಮುಖ ಮುಚ್ಚಿ ತೆರೆಯುವ ಆಟ ಆಡಿ. ಹೋದ ಅಮ್ಮ ಬರುತ್ತಾಳೆಂಬ ಧೈರ್ಯ ಆಟದಲ್ಲೇ ಬೆಳೆಯುತ್ತದೆ. ಕಬ್ಬಿಣದ ಅಂಶ ಕಡಿಮೆಯಾದ ಮಕ್ಕಳೂ ರಾತ್ರಿ ಹೊರಳಾಡುವುದುಂಟು. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ಯೋಜನೆಯಿದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗು ದಿನವೂ ಗೊರಕೆ ಹೊಡೆದರೆ, ನಿದ್ದೆಯಲ್ಲಿ ಉಸಿರು ತಡೆದಂತಾದರೆ, ಜ್ವರದ ಜೊತೆ ಕಿವಿ ಎಳೆದುಕೊಂಡರೆ, ತೂಕ ಏರದಿದ್ದರೆ ವೈದ್ಯರಿಗೆ ತೋರಿಸಿ.

ಪಕ್ಕದ ಮನೆಯ ಹೋಲಿಕೆಯನ್ನು ಬಿಟ್ಟುಬಿಡಿ. ಕೆನಡಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳ ಮಕ್ಕಳಲ್ಲಿ ಶೇ 38ರಷ್ಟು, ಒಂದು ವರ್ಷದವರಲ್ಲಿ ಶೇ 28ರಷ್ಟು ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ. ಅವರ ಬೆಳವಣಿಗೆ ಉಳಿದವರಿಗಿಂತ ಹಿಂದೆ ಬಿದ್ದಿರಲೂ ಇಲ್ಲ.

ಪ್ರಶ್ನೆ: ಮಗನಿಗೆ ಎರಡು ತಿಂಗಳು ತುಂಬುತ್ತಿದೆ. ಹಗಲೆಲ್ಲ ನಿದ್ದೆ, ರಾತ್ರಿ ಪೂರ್ತಿ ಎಚ್ಚರ. ಹೆಂಡತಿ ತವರಿನಲ್ಲಿದ್ದಾಳೆ. ಈಗಲೇ ಅಭ್ಯಾಸ ಮಾಡಿಸಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಈಗಲೇ ಬೇಡ. ಅವನಿಗಿನ್ನೂ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ರಾತ್ರಿ ನಿದ್ದೆ ತರಿಸುವ ಮೆಲಟೋನಿನ್ ಮಗುವಿನ ಮೈಯಲ್ಲಿ ಕ್ರಮಬದ್ಧವಾಗಿ ಹುಟ್ಟತೊಡಗುವುದೇ ಎರಡು ಮೂರು ತಿಂಗಳ ಹೊತ್ತಿಗೆ. ಅಲ್ಲಿಯವರೆಗೆ ತಾಯಿಯ ರಾತ್ರಿ ಹಾಲಿನಲ್ಲಿ ಅದು ಸ್ವಲ್ಪ ಸಿಗುತ್ತದೆ. ನೀವು ಮಾಡಬಹುದಾದದ್ದು, ಹಗಲು ಯಾವುದು ರಾತ್ರಿ ಯಾವುದು ಎಂದು ತೋರಿಸಿಕೊಡುವುದು. ನಮ್ಮ ಬಾಣಂತಿ ಕೋಣೆಗಳು ನಡು ಮಧ್ಯಾಹ್ನವೂ ಕತ್ತಲೆ! ಬೆಳಿಗ್ಗೆ ಕಿಟಕಿ ತೆರೆಯಲು ಹೇಳಿ, ಹಗಲಲ್ಲಿ ಮನೆಯ ಸದ್ದು ಇರಲಿ. ಎಣ್ಣೆನೀರಿನ ನಂತರ ಮಗು ಮೈಮರೆತು ಮಲಗುತ್ತದೆ. ಮೂರು ಗಂಟೆ ದಾಟಿದರೆ ಎಬ್ಬಿಸಿ ಹಾಲು ಕೊಡಲಿ. ರಾತ್ರಿ ಮಾತ್ರ ಮಂದ ದೀಪ, ಕಡಿಮೆ ಮಾತು. ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ, ಎಳೆಯ ಶ್ವಾಸಕೋಶಕ್ಕೆ ಅದು ಕೆಟ್ಟದ್ದು.

ಇದಕ್ಕಿಂತ ಮುಖ್ಯವಾದದ್ದು ಮಲಗಿಸುವ ಬಗೆ. ಅಂಗಾತ ಮಲಗಿಸಿ, ಯಾವಾಗಲೂ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸುವಂತೆ ಪ್ರಚಾರ ಶುರುವಾದ ಮೇಲೆ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಕೂಸುಗಳ ಪ್ರಮಾಣ ಅರ್ಧಕ್ಕಿಳಿಯಿತು. ಗಟ್ಟಿ ಹಾಸಿಗೆ ಇರಲಿ. ಸಾಸಿವೆ ದಿಂಬು, ದಪ್ಪ ರಗ್ಗು, ಗೊಂಬೆ ಬೇಡ. ಸೀರೆಯ ಜೋಲಿಯಲ್ಲಿ ಕತ್ತು ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟಬಹುದು. ಹಗಲಲ್ಲಿ ಕಣ್ಣೆದುರು ತೂಗಿದರೂ ನಿದ್ದೆ ಹತ್ತಿದ ಮೇಲೆ ಎತ್ತಿ ಸಮತಟ್ಟಾದ ಹಾಸಿಗೆಗೆ ಮಲಗಿಸಿ. ರಾತ್ರಿಯಿಡೀ ಅದರಲ್ಲಿ ಬಿಡಬಾರದು. ತಾಯಿಯ ಕೋಣೆಯಲ್ಲೇ, ಕೈಗೆಟುಕುವ ಹಾಗೆ ಬೇರೆ ಹಾಸಿಗೆ ಉತ್ತಮ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನನ್ನ ಮಕ್ಕಳಿಗೆಲ್ಲ ಬಜೆ, ಜಾಯಿಕಾಯಿ ತೇದು ಜೇನಿನಲ್ಲಿ ನೆಕ್ಕಿಸಿ ಮಲಗಿಸುತ್ತಿದ್ದೆ. ಮೊಮ್ಮಗುವಿಗೆ ಸೊಸೆ ಬಿಡುವುದಿಲ್ಲ. ತಪ್ಪೇನು?
– ಅಜ್ಜಿಯೊಬ್ಬರು, ಶಿರಸಿ

ಉತ್ತರ: ಅಮ್ಮಾ, ಸೊಸೆ ಹೇಳುವುದು ಸರಿ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ನಿಶ್ಶಕ್ತಿಯ ರೋಗ ತರುತ್ತವೆ, ಉಸಿರಾಟವೇ ನಿಲ್ಲಬಹುದು. ವರ್ಷ ತುಂಬುವವರೆಗೆ ಜೇನು ತುಟಿಗೂ ಸವರಬೇಡಿ. ಜಾಯಿಕಾಯಿ, ಬಜೆ ಎರಡರಲ್ಲೂ ಮಿದುಳಿನ ಮೇಲೆ ಕೆಲಸ ಮಾಡುವ ವಿಷಾಂಶಗಳಿವೆ, ತೇಯುವಾಗ ಅಳತೆ ಸಿಗುವುದಿಲ್ಲ. ನೆಗಡಿಯ ಸಿರಪ್ ಕುಡಿಸಿ ಮಲಗಿಸುವವರಿಗೂ ಇದೇ ಮಾತು: ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಸೇರಿದ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಸೂಚಿಸಿದ್ದಾರೆ. ನಿಮ್ಮ ಕೈಯ ಎಣ್ಣೆ ತಿಕ್ಕುವಿಕೆ, ನಿಮ್ಮ ಜೋಗುಳ, ಇವು ಯಾವ ಔಷಧಕ್ಕೂ ಕಡಿಮೆಯಲ್ಲ. ಸಂಜೆಯ ಆ ಹೊತ್ತನ್ನು ನೀವೇ ವಹಿಸಿಕೊಳ್ಳಿ, ಸೊಸೆ ಸ್ವಲ್ಪ ಮಲಗಲಿ.

ಪ್ರಶ್ನೆ: ಮಗುವಿಗೆ ಐದು ತಿಂಗಳು. ರಾತ್ರಿ ಅತ್ತಾಗ ಎತ್ತಿ ಕುಲುಕಿಬಿಡುವಷ್ಟು ಸಿಟ್ಟು ಬರುತ್ತದೆ. ಆಮೇಲೆ ನಾನೇ ಅಳುತ್ತೇನೆ. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ.
– ಹೆಸರು, ಊರು ಬೇಡ

ಉತ್ತರ: ಬರೆದದ್ದು ಒಳ್ಳೆಯದಾಯಿತು. ನೀವು ಕೆಟ್ಟ ತಾಯಿಯಲ್ಲ. ಸಿಟ್ಟು ಬಂದ ಆ ಗಳಿಗೆ ಮಗುವನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಕೋಣೆಯಿಂದ ಹೊರಬಂದು ಮುಖ ತೊಳೆದುಕೊಳ್ಳಿ, ಮನೆಯವರನ್ನು ಎಬ್ಬಿಸಿ. ಮಗು ಹತ್ತು ನಿಮಿಷ ಅತ್ತರೆ ಏನೂ ಆಗುವುದಿಲ್ಲ. ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು ಬರುವುದು ಬಾಣಂತನದ ಖಿನ್ನತೆಯ ಗುರುತು. ಇದಕ್ಕೆ ಚಿಕಿತ್ಸೆ ಇದೆ, ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ನೋಡುವ ವಿಭಾಗವೇ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಇಂದೇ ಕರೆ ಮಾಡಿ. ಈ ಪುಟವನ್ನು ನಿಮ್ಮ ಗಂಡನಿಗೂ ತಾಯಿಗೂ ಓದಲು ಕೊಡಿ.