ಅಂತರ್ಜಾಲ ಕರೆ: ರಿಂಗಿನ ದಾರಿ ಬೇರೆ, ಮಾತಿನ ದಾರಿ ಬೇರೆ

ಪುತ್ತೂರಿನ ಬೆಟ್ಟಂಪಾಡಿಯಂಥ ಗುಡ್ಡಗಾಡಿನ ಊರಲ್ಲಿ ಟವರ್ ಸಿಗ್ನಲ್ ಸಿಗದ ಮನೆಯಿಂದಲೂ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕರೆ ಮಾಡಬಹುದು. ಇದರ ಬೆನ್ನೆಲುಬು ಸಿಪ್, ಅಂದರೆ ಸೆಷನ್ ಇನಿಶಿಯೇಷನ್ ಪ್ರೋಟೋಕಾಲ್ (ಆರ್‌ಎಫ್‌ಸಿ 3261, 2002). ಪರೀಕ್ಷಾರ್ಥಿಗಳು ಮುಖ್ಯವಾಗಿ ಗ್ರಹಿಸಬೇಕಾದ್ದು, ಸಿಪ್ ಧ್ವನಿಯನ್ನು ಒಯ್ಯುವುದಿಲ್ಲ. ಅದರ ಸಂದೇಶಗಳಲ್ಲಿ ‘ಇನ್ವೈಟ್’ ಕರೆಯುತ್ತದೆ, ‘180’ ಆಚೆ ರಿಂಗಾಗುತ್ತಿದೆ ಎನ್ನುತ್ತದೆ, ‘200 ಓಕೆ’ ಫೋನ್ ಎತ್ತಿದ್ದನ್ನು ತಿಳಿಸುತ್ತದೆ, ‘ಆಕ್’ ಅದನ್ನು ಖಚಿತಪಡಿಸುತ್ತದೆ, ‘ಬೈ’ ಮುಗಿಸುತ್ತದೆ. ಮಾತು ಸಾಗುವುದು ಆರ್‌ಟಿಪಿ (ರಿಯಲ್-ಟೈಮ್ ಟ್ರಾನ್ಸ್‌ಪೋರ್ಟ್ ಪ್ರೋಟೋಕಾಲ್) ಎಂಬ ಬೇರೆ ಪ್ರೋಟೋಕಾಲಿನಲ್ಲಿ. ರಿಂಗಾಗಿ, ಎತ್ತಿದ ಮೇಲೂ ಒಂದು ಕಡೆಯ ದನಿ ಕೇಳಿಸದ ಕರೆಗಳೇ ಇದಕ್ಕೆ ಸಾಕ್ಷಿ. ರಿಂಗು, ಮಾತು ಎರಡನ್ನೂ ಒಂದೇ ದಾರಿಯಲ್ಲಿ ಕಳಿಸಬಹುದಿತ್ತಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ; ಐಎಎಕ್ಸ್ ಎಂಬ ಇನ್ನೊಂದು ಪ್ರೋಟೋಕಾಲ್ ಹಾಗೆಯೇ ಮಾಡುತ್ತದೆ, ರೂಟರಿನ ನ್ಯಾಟ್ (ವಿಳಾಸ ಬದಲಿಸುವ ವ್ಯವಸ್ಥೆ) ದಾಟಲು ಅದು ಅನುಕೂಲ. ಆದರೂ ಬೇರ್ಪಡಿಸಿದ್ದೇ ಸರಿ: ಸರ್ವರ್ ಕರೆ ಜೋಡಿಸಿದ ಮೇಲೆ ಮಾತಿನ ಪ್ಯಾಕೆಟ್‌ಗಳು ಫೋನಿಂದ ಫೋನಿಗೆ ನೇರವಾಗಿ ಸಾಗಬಹುದು, ಕರೆಯ ನಡುವೆ ವಿಡಿಯೊ ಸೇರಿಸಲು ಮತ್ತೊಂದು ಇನ್ವೈಟ್ ಸಾಕು.